ಮೊದಲು ಸವೆಯಬೇಕಾದ ಭಾಗ ಯಾವುದು?

ತಿರುಗುವ ಭಾಗಗಳಿರುವ ಯಾವ ಯಂತ್ರವೂ ಸವೆತದಿಂದ ತಪ್ಪಿಸಿಕೊಳ್ಳಲಾರದು. ಆದರೆ ಆ ಸವೆತ ಯಾವ ಭಾಗಕ್ಕೆ ಮೊದಲು ತಟ್ಟಬೇಕು, ಆ ಭಾಗ ರಿಪೇರಿ ಮಾಡುವವರ ಕೈಗೆಟುಕಬೇಕೇ ಬೇಡವೇ ಎಂಬುದನ್ನು ಯಂತ್ರದ ನಕ್ಷೆ ಬರೆಯುವವರು ಬಹುಮಟ್ಟಿಗೆ ಮೊದಲೇ ತೀರ್ಮಾನಿಸಿಬಿಟ್ಟಿರುತ್ತಾರೆ. ಗೃಹಬಳಕೆಯ ಉಪಕರಣಗಳ ದುರಸ್ತಿಯ ಬಗ್ಗೆ ಈಚೆಗೆ ನಡೆಯುತ್ತಿರುವ ಚರ್ಚೆಯಲ್ಲಿ ಗ್ರಾಹಕರ ಹಕ್ಕು, ಪರಿಸರದ ಹಿತ, ಹಿಂದಿನವರ ಮಿತವ್ಯಯ ಎಂಬ ಮಾತುಗಳು ಮತ್ತೆ ಮತ್ತೆ ಕೇಳಿಬರುತ್ತವೆಯಾದರೂ ಈ ಸಣ್ಣ ತಾಂತ್ರಿಕ ತೀರ್ಮಾನ ಅಷ್ಟಾಗಿ ಯಾರ ಗಮನಕ್ಕೂ ಬೀಳುವುದಿಲ್ಲ. ದುರಸ್ತಿ ಸಾಧ್ಯವೇ, ಸಾಧ್ಯವಾದರೂ ಅದು ಹಣಕ್ಕೆ ತಕ್ಕುದೇ ಎಂಬ ಎರಡೂ ಪ್ರಶ್ನೆಗಳಿಗೆ ಉತ್ತರ ಬಹುಪಾಲು ಅಲ್ಲೇ ಇದೆ. ಇದನ್ನು ಪರಿಶೀಲಿಸಲು ಕನ್ನಡನಾಡಿನ ಅಡುಗೆಮನೆಗಳಲ್ಲಿ ದಿನಬೆಳಗಾದರೆ ಸದ್ದುಮಾಡುವ ಮಿಕ್ಸಿಯ ಮೋಟಾರಿಗಿಂತ ಒಳ್ಳೆಯ ಉದಾಹರಣೆ ಸಿಗುವುದು ಕಷ್ಟ.

ಮಿಕ್ಸಿಯೊಳಗೆ ಇರುವುದು ಯೂನಿವರ್ಸಲ್ ಮೋಟಾರ್, ಅಂದರೆ ಎ.ಸಿ. ಮತ್ತು ಡಿ.ಸಿ. ಎರಡೂ ಬಗೆಯ ವಿದ್ಯುತ್ತಿನಲ್ಲಿ ತಿರುಗಬಲ್ಲ ಮೋಟಾರು. ಅದರಲ್ಲಿ ಕದಲದೆ ನಿಂತಿರುವ ತಂತಿಸುರುಳಿಗೆ ಫೀಲ್ಡ್ ಕಾಯಿಲ್ ಎಂದೂ, ನಡುವೆ ಶಾಫ್ಟಿನ ಜೊತೆ ತಿರುಗುವ ಸುರುಳಿಗಳ ಸಮೂಹಕ್ಕೆ ಆರ್ಮೇಚರ್ ಎಂದೂ ಹೆಸರು. ಎರಡೂ ಒಂದೇ ಸರಣಿಯಲ್ಲಿ ಜೋಡಣೆಯಾಗಿರುವುದರಿಂದ ಒಂದರಲ್ಲಿ ಹರಿದ ವಿದ್ಯುತ್ತೇ ಇನ್ನೊಂದರಲ್ಲೂ ಹರಿಯುತ್ತದೆ. ನಿಂತ ಭಾಗದಿಂದ ತಿರುಗುವ ಭಾಗಕ್ಕೆ ವಿದ್ಯುತ್ತನ್ನು ದಾಟಿಸಲು ಶಾಫ್ಟಿನ ಒಂದು ತುದಿಯಲ್ಲಿ ತಾಮ್ರದ ಪಟ್ಟಿಗಳಿಂದ ಕೂಡಿದ, ಪಟ್ಟಿ ಪಟ್ಟಿಗಳ ನಡುವೆ ಅಭ್ರಕದಂಥ ನಿರೋಧಕವಿರುವ ಕಾಮ್ಯುಟೇಟರ್ ಎಂಬ ಉರುಳೆ ಇದ್ದು, ಅದರ ಎರಡು ಪಕ್ಕಗಳಿಗೆ ಸ್ಪ್ರಿಂಗಿನ ಒತ್ತಡದಿಂದ ಎರಡು ಕಾರ್ಬನ್ ಬ್ರಷ್‌ಗಳು ಅಂಟಿಕೊಂಡಿರುತ್ತವೆ. ಉಜ್ಜಾಟವೇ ಇಲ್ಲದ ಇಂಡಕ್ಷನ್ ಮೋಟಾರನ್ನು, ಉದಾಹರಣೆಗೆ ಹಳೆಯ ಸೀಲಿಂಗ್ ಫ್ಯಾನಿನಲ್ಲಿರುವಂಥದ್ದನ್ನು, ಮಿಕ್ಸಿಗೂ ಏಕೆ ಬಳಸುವುದಿಲ್ಲ ಎಂಬ ಸಂದೇಹ ಇಲ್ಲಿ ಸಹಜ. ನಮ್ಮ 50 ಹರ್ಟ್ಸ್ ವಿದ್ಯುತ್ತಿಗೆ ನೇರವಾಗಿ ಜೋಡಿಸಿದ ಇಂಡಕ್ಷನ್ ಮೋಟಾರು ನಿಮಿಷಕ್ಕೆ 3000 ಸುತ್ತುಗಳನ್ನು ಮೀರಲಾರದು; ಮಿಕ್ಸಿಯ ಮೋಟಾರು ಜಾರ್ ಇಲ್ಲದೆ ಖಾಲಿ ಓಡುವಾಗ 18,000ದಿಂದ 20,000 ಸುತ್ತುಗಳವರೆಗೂ ಹೋಗುತ್ತದೆ. ಒಣಗಿದ ಅರಿಶಿನದ ಕೊಂಬನ್ನು ಪುಡಿಮಾಡುವ ವೇಗ ಅಷ್ಟು ಚಿಕ್ಕ, ಅಷ್ಟು ಹಗುರ ಮೋಟಾರಿನಿಂದ ಬರಬೇಕಾದರೆ ಬ್ರಷ್ಷಿನ ಸವೆತವನ್ನು ಬೆಲೆಯಾಗಿ ತೆರಲೇಬೇಕಾಗುತ್ತದೆ.

ಈ ಬೆಲೆಯನ್ನು ಯಾವ ಭಾಗ ತೆರಬೇಕೆಂಬುದನ್ನು ಹತ್ತೊಂಬತ್ತನೆಯ ಶತಮಾನದ ಎಂಜಿನಿಯರುಗಳೇ ಬಗೆಹರಿಸಿಕೊಂಡಿದ್ದರು. ಆರಂಭದ ಡೈನಮೋಗಳಲ್ಲಿ ತಾಮ್ರದ ತಂತಿ ಅಥವಾ ತಾಮ್ರದ ಜಾಲರಿಯ ಬ್ರಷ್‌ಗಳಿದ್ದು, ಲೋಹ ಲೋಹವನ್ನೇ ಕೆರೆಯುತ್ತಿದ್ದುದರಿಂದ ಕಿಡಿ ಹಾರುವುದಷ್ಟೇ ಅಲ್ಲದೆ ತಯಾರಿಸಲು ಕಷ್ಟವಾದ, ದುಬಾರಿಯಾದ ಕಾಮ್ಯುಟೇಟರೂ ಹಾಳಾಗುತ್ತಿತ್ತು. 1885ರಲ್ಲಿ ಸ್ಕಾಟ್ಲೆಂಡಿನ ಜಾರ್ಜ್ ಫೋರ್ಬ್ಸ್ ಇಂಗಾಲದ ಬ್ರಷ್ಷಿಗೆ ಪೇಟೆಂಟ್ ಪಡೆದ ನಂತರ ಈ ಲೆಕ್ಕಾಚಾರ ತಲೆಕೆಳಗಾಯಿತು. ಇಂಗಾಲ ತಾಮ್ರಕ್ಕಿಂತ ಮೆದು, ತನ್ನ ಪುಡಿಯಿಂದಲೇ ಜಾರುವ ಗುಣವುಳ್ಳದ್ದು, ಸಂಪರ್ಕದ ಜಾಗದಲ್ಲಿ ತುಸು ಹೆಚ್ಚು ವಿದ್ಯುತ್‌ರೋಧವಿರುವುದರಿಂದ ಕಿಡಿಯನ್ನೂ ತಗ್ಗಿಸುವಂಥದ್ದು. ಹೀಗಾಗಿ ಉಜ್ಜಾಟದ ಪೆಟ್ಟನ್ನೆಲ್ಲ ತಾನು ತಿಂದು ಕಾಮ್ಯುಟೇಟರನ್ನು ಉಳಿಸುತ್ತದೆ. ಬೆರಳ ತುದಿಯಷ್ಟು ಗಾತ್ರದ ಈ ತುಂಡು ಸವೆದಾಗ ಅದನ್ನು ತೆಗೆದು ಹೊಸದನ್ನು ಕೂರಿಸಿದರೆ ಮೋಟಾರು ಮತ್ತೆ ಮೊದಲಿನಂತಾಗುತ್ತದೆ. ದುರಸ್ತಿಯೋಗ್ಯತೆ ಎಂಬ ಗುಣವನ್ನು ಇದಕ್ಕಿಂತ ಅಚ್ಚುಕಟ್ಟಾಗಿ ವಸ್ತುವಿನಲ್ಲೇ ಅಳವಡಿಸಿರುವ ಉದಾಹರಣೆಗಳು ಕಡಿಮೆ.

ಹಾಗಿದ್ದರೂ ಮೋಟಾರುಗಳು ಸುಡುವುದು ನಿಂತಿಲ್ಲ, ಏಕೆಂದರೆ ಬ್ರಷ್ಷಿನ ಸವೆತಕ್ಕಿಂತ ಶಾಖ ಹೆಚ್ಚು ಅಪಾಯಕಾರಿ. ಆರ್ಮೇಚರ್ ತಿರುಗುವಾಗ ಅದರ ಸುರುಳಿಗಳಲ್ಲಿ ಹುಟ್ಟುವ ಎದುರು ವೋಲ್ಟೇಜು ಹೊರಗಿನಿಂದ ಬರುವ ವಿದ್ಯುತ್ತಿಗೆ ತಡೆಯೊಡ್ಡುತ್ತಿರುತ್ತದೆ. ವೇಗ ಕುಗ್ಗಿದಷ್ಟೂ ಆ ತಡೆ ಕುಗ್ಗಿ, ಹರಿಯುವ ವಿದ್ಯುತ್ತು ಹೆಚ್ಚುತ್ತದೆ, ಮತ್ತು ತಂತಿಯಲ್ಲಿ ಹುಟ್ಟುವ ಶಾಖ ವಿದ್ಯುತ್ತಿನ ವರ್ಗಕ್ಕೆ ಅನುಪಾತವಾಗಿರುವುದರಿಂದ ವಿದ್ಯುತ್ತು ಎರಡರಷ್ಟಾದರೆ ಶಾಖ ನಾಲ್ಕರಷ್ಟಾಗುತ್ತದೆ. 750 ವ್ಯಾಟಿನ ಮಿಕ್ಸಿ 230 ವೋಲ್ಟಿನಲ್ಲಿ ಸುಮಾರು ಮೂರೂಕಾಲು ಆಂಪಿಯರ್ ಎಳೆಯುವಂಥದ್ದಾದರೆ, ಗಟ್ಟಿಯಾದ ಉದ್ದಿನ ಹಿಟ್ಟಿನಲ್ಲಿ ಬ್ಲೇಡು ಸಿಕ್ಕಿಕೊಂಡಾಗ ಎಳೆಯುವುದು ಅದರ ಹಲವು ಪಟ್ಟು. ಇಲ್ಲಿ ಇನ್ನೊಂದು ವಿಪರ್ಯಾಸವಿದೆ: ಮೋಟಾರನ್ನು ತಣಿಸುವ ಪುಟ್ಟ ಫ್ಯಾನು ಅದೇ ಶಾಫ್ಟಿನ ಮೇಲೆ ಕೂತಿರುವುದರಿಂದ, ಶಾಖ ಏರುತ್ತಿರುವ ಹೊತ್ತಿನಲ್ಲೇ ಗಾಳಿ ಇಳಿಯುತ್ತದೆ. ತಂತಿಯ ಮೇಲಿನ ಎನಾಮಲ್ ಲೇಪದ ತಾಳಿಕೆಯನ್ನು ದರ್ಜೆಗಳಾಗಿ ವಿಂಗಡಿಸಿದ್ದು, ಇ ದರ್ಜೆಗೆ 120, ಬಿ ದರ್ಜೆಗೆ 130, ಎಫ್ ದರ್ಜೆಗೆ 155 ಡಿಗ್ರಿ ಸೆಲ್ಸಿಯಸ್ ಎಂಬ ಮಿತಿಗಳಿವೆ. ಈ ಮಟ್ಟಗಳಲ್ಲಿ ಉಷ್ಣತೆ ಹತ್ತು ಡಿಗ್ರಿ ಏರಿದಂತೆಲ್ಲ ನಿರೋಧಕದ ಆಯುಸ್ಸು ಸರಿಸುಮಾರು ಅರ್ಧಕ್ಕಿಳಿಯುತ್ತದೆಂಬ ಸ್ಥೂಲ ನಿಯಮವನ್ನು 1930ರಲ್ಲಿ ಅಮೆರಿಕದ ಮಾಂಟ್‌ಸಿಂಗರ್ ರೂಪಿಸಿದ. ಮಿಕ್ಸಿಯ ತಳದಲ್ಲಿರುವ ಕೆಂಪು ಗುಂಡಿ, ಅಂದರೆ ಓವರ್‌ಲೋಡ್ ಸ್ವಿಚ್, ಈ ಶಾಖಕ್ಕೆ ಕಟ್ಟಿದ ತಡೆಗೋಡೆ. ಅದು ಹಾರಿದಾಗ ಮೋಟಾರು ತಣಿಯುವವರೆಗೆ ಕಾಯದೆ ಮತ್ತೆ ಮತ್ತೆ ಒತ್ತುವವರು ಆ ತಡೆಯನ್ನೇ ನಿರರ್ಥಕಗೊಳಿಸುತ್ತಾರೆ. ಅದಕ್ಕಿಂತ ಕೆಟ್ಟದೆಂದರೆ ಪದೇ ಪದೇ ಹಾರುತ್ತದೆಂಬ ಕಾರಣಕ್ಕೆ ಅದನ್ನು ತೆಗೆದು ನೇರವಾಗಿ ತಂತಿ ಜೋಡಿಸಿ ಕಳುಹಿಸುವ ರಿಪೇರಿ, ಏಕೆಂದರೆ ಅದು ಅಗ್ಗದ ಭಾಗದ ಬದಲಿಗೆ ದುಬಾರಿ ಭಾಗವನ್ನು ಬಲಿಗೆ ಮುಂದೊಡ್ಡುತ್ತದೆ.

ನುರಿತ ಮೆಕ್ಯಾನಿಕ್ ಮಿಕ್ಸಿಯ ತಳಭಾಗವನ್ನಷ್ಟೇ ಹೊತ್ತು ತಂದ ಗ್ರಾಹಕರಿಗೆ ಜಾರನ್ನೂ ತರಲು ಹೇಳುವುದುಂಟು, ಮತ್ತು ರೋಗವಿರುವುದು ಮೋಟಾರಿನಲ್ಲಾಗಿರುವಾಗ ಜಾರ್ ಏಕೆಂದು ಗ್ರಾಹಕರು ಗೊಣಗುವುದೂ ಉಂಟು. ಜಾರಿನ ತಳದಲ್ಲಿ ಬ್ಲೇಡಿನ ಕಡ್ಡಿ ತಿರುಗುವ ಬುಷ್ ಎಂಬ ಲೋಹದ ಕೊಳವೆಯಿದ್ದು, ಅದು ಒಣಗಿ ಬಿಗಿಯಾದರೆ ಮೋಟಾರು ಅರೆಯುವ ಕೆಲಸದ ಜೊತೆಗೆ ಆ ಬಿಗಿತದ ವಿರುದ್ಧವೂ ದುಡಿಯಬೇಕಾಗುತ್ತದೆ. ಸಡಿಲವಾದರೆ ಅಥವಾ ಅದರ ವಾಷರ್ ಸವೆದರೆ ಚಟ್ನಿಯ ನೀರು ಮೋಟಾರನ್ನೂ ಜಾರನ್ನೂ ಜೋಡಿಸುವ ಕಪ್ಲರಿನ ಮೇಲೆ ತೊಟ್ಟಿಕ್ಕಿ, ಶಾಫ್ಟಿನ ಗುಂಟ ಇಳಿದು, ಮೇಲಿನ ಬೇರಿಂಗನ್ನು ತುಕ್ಕುಹಿಡಿಸಿ, ಕೊನೆಗೆ ಸುರುಳಿಗಳನ್ನು ತಲುಪುತ್ತದೆ. ಇದನ್ನು ನೋಡದೆ ಹೊಸ ಕಾಯಿಲ್ ಸುತ್ತಿ ಕೊಟ್ಟರೆ ಆ ಮೋಟಾರು ಕೆಲವೇ ತಿಂಗಳಲ್ಲಿ ಮತ್ತೆ ಅಂಗಡಿಯ ಮೆಟ್ಟಿಲು ಹತ್ತುತ್ತದೆ, ಮತ್ತು ರಿಪೇರಿ ಮಾಡಿಸಿದರೆ ಬಾಳಿಕೆ ಬರುವುದಿಲ್ಲವೆಂಬ ಜನಾಭಿಪ್ರಾಯಕ್ಕೆ ಇನ್ನೊಂದು ಸಾಕ್ಷಿ ಸೇರುತ್ತದೆ. ಕೆಟ್ಟ ಭಾಗವನ್ನು ಬದಲಿಸುವುದು ಒಂದು ಕೆಲಸ, ಅದು ಏಕೆ ಕೆಟ್ಟಿತೆಂದು ಕಂಡುಹಿಡಿಯುವುದು ಬೇರೆಯೇ ಕೆಲಸ. ಗ್ರಾಹಕರು ಹಣ ಕೊಡುವುದು ಸಾಮಾನ್ಯವಾಗಿ ಮೊದಲನೆಯದಕ್ಕೆ ಮಾತ್ರ. ಬ್ರಷ್ಷಿನ ಬೆಲೆಯನ್ನೂ ತಂತಿಯ ಬೆಲೆಯನ್ನೂ ಪ್ರಶ್ನಿಸದೆ ಕೊಡುವವರು ನೋಡಿದ್ದಕ್ಕೇನು ದುಡ್ಡು ಎಂದು ಕೇಳುವಾಗ, ಇಡೀ ವ್ಯವಹಾರದಲ್ಲಿ ಅತ್ಯಂತ ಬೆಲೆಬಾಳುವ ವಸ್ತುವಿಗೆ ಬೆಲೆಯೇ ಇಲ್ಲದಂತಾಗುತ್ತದೆ.

ಕೆಡುಕಿನ ಮೂಲವನ್ನು ಕಂಡುಹಿಡಿಯುವ ಆ ಜ್ಞಾನದ ಸ್ವರೂಪವನ್ನು ಕೊಂಚ ಹತ್ತಿರದಿಂದ ನೋಡಬಹುದು. ಆರ್ಮೇಚರಿನ ಸುರುಳಿಗಳಲ್ಲಿ ಒಂದು ಒಳಗೊಳಗೇ ಶಾರ್ಟ್ ಆಗಿದ್ದರೆ ಹೊರಗಿನಿಂದ ಕಣ್ಣಿಗೆ ಏನೂ ಕಾಣಿಸದು, ಸೀರೀಸ್ ಬಲ್ಬ್ ಹಚ್ಚಿ ನೋಡಿದರೂ ಬಲ್ಬು ಉರಿಯುತ್ತದೆ. ಅದನ್ನು ಪತ್ತೆಹಚ್ಚಲು ಗ್ರೌಲರ್ ಎಂಬ ಸರಳ ಸಾಧನವಿದೆ: ಎ.ಸಿ. ವಿದ್ಯುತ್ತಿನಿಂದ ಕಾಂತವಾಗುವ ಕಬ್ಬಿಣದ ಕವೆಯ ನಡುವೆ ಆರ್ಮೇಚರನ್ನು ಮಲಗಿಸಿ, ಅದರ ಸೀಳುಗಳ ಮೇಲೆ ಗರಗಸದ ಅಲಗನ್ನು ಹಗುರವಾಗಿ ಹಿಡಿದು ನಿಧಾನವಾಗಿ ತಿರುಗಿಸುತ್ತ ಹೋದರೆ, ಕೆಟ್ಟ ಸುರುಳಿಯಿರುವ ಸೀಳು ಬಂದ ಕೂಡಲೇ ಅಲಗು ಝುರ್ರೆಂದು ಕಂಪಿಸುತ್ತದೆ. ಬ್ರಷ್ ಬದಲಿಸುವಂಥ ಚಿಲ್ಲರೆ ಕೆಲಸಕ್ಕೂ ಅದರದೇ ಶಿಸ್ತಿದೆ. ಹೊಸ ಬ್ರಷ್ಷಿನ ತುದಿ ಕಾಮ್ಯುಟೇಟರಿನ ಬಾಗಿಗೆ ಹೊಂದಿ ಕೂರಬೇಕು, ಇಲ್ಲವಾದರೆ ತುದಿಯ ಒಂದು ಅಂಚಷ್ಟೇ ತಾಗಿ ಕಿಡಿ ಹಾರುತ್ತದೆ. ಕಪ್ಪುಗಟ್ಟಿದ ಕಾಮ್ಯುಟೇಟರನ್ನು ನಯವಾದ ಮರಳು ಕಾಗದದಿಂದ ಉಜ್ಜಬಹುದೇ ಹೊರತು ಎಮರಿ ಕಾಗದದಿಂದ ಉಜ್ಜಬಾರದು, ಏಕೆಂದರೆ ಎಮರಿಯ ಹರಳುಗಳು ಪಟ್ಟಿಗಳ ನಡುವಿನ ಸಂದಿಯಲ್ಲಿ ಸಿಕ್ಕಿಕೊಂಡು ವಿದ್ಯುತ್ತಿಗೆ ಕಳ್ಳದಾರಿ ಮಾಡಿಕೊಡುತ್ತವೆ. ಇವೆಲ್ಲ ಐಟಿಐಗಳ ಎಲೆಕ್ಟ್ರಿಷಿಯನ್ ತರಬೇತಿಯಲ್ಲಿ ಕಲಿಸುವ ವಿಷಯಗಳೇ ಆದರೂ ಕೈಗೆ ಹತ್ತುವುದು ಮಾತ್ರ ತಾಲ್ಲೂಕು ಕೇಂದ್ರಗಳ ಮೋಟಾರ್ ರಿವೈಂಡಿಂಗ್ ಅಂಗಡಿಗಳಲ್ಲಿ, ವೋಲ್ಟೇಜಿನ ಏರಿಳಿತಕ್ಕೆ ಸುಟ್ಟ ಪಂಪ್‌ಸೆಟ್ ಮೋಟಾರುಗಳ ರಾಶಿಯ ನಡುವೆ. ಮಿಕ್ಸಿಯ ದುರಸ್ತಿ ಆ ಅಂಗಡಿಗಳಿಗೆ ಬಿಡುವಿನ ಹೊತ್ತಿನ ಕೆಲಸ. ಕೊಳವೆಬಾವಿಯ ಕೃಷಿ ಇಲ್ಲದ ಊರಿನಲ್ಲಿ ಬರೀ ಮಿಕ್ಸಿ ನಂಬಿ ರಿವೈಂಡಿಂಗ್ ಅಂಗಡಿ ತೆರೆದವರು ಬದುಕುವುದು ಸುಲಭವಲ್ಲ.

ದುರಸ್ತಿಯನ್ನು ಸಮರ್ಥಿಸುವವರು ಅದರ ಮಿತಿಗಳನ್ನು ಮರೆಮಾಚಿದರೆ ವಾದ ದುರ್ಬಲವಾಗುತ್ತದೆ. ಫೀಲ್ಡ್ ಕಾಯಿಲನ್ನು ಮತ್ತೆ ಸುತ್ತುವುದು ಸುಲಭವಾದರೂ ಆರ್ಮೇಚರನ್ನು ಮತ್ತೆ ಸುತ್ತಿದಾಗ ತೂಕದ ಸಮತೋಲ ಕಾಯ್ದುಕೊಳ್ಳದಿದ್ದರೆ, ವಾರ್ನಿಷ್‌ನಲ್ಲಿ ಅದ್ದಿ ಒಣಗಿಸದೆ ಕೊಟ್ಟರೆ, ನಿಮಿಷಕ್ಕೆ ಹತ್ತಾರು ಸಾವಿರ ಸುತ್ತಿನ ವೇಗದಲ್ಲಿ ತಂತಿಗಳು ಸಡಿಲಗೊಂಡು ಬೇರಿಂಗೂ ಹಾಳಾಗುತ್ತದೆ. ಆದ್ದರಿಂದಲೇ ಹೆಚ್ಚಿನವರು ಸಿದ್ಧ ಆರ್ಮೇಚರನ್ನೇ ತಂದು ಹಾಕುತ್ತಾರೆ. ಅಗ್ಗದ ಮೋಟಾರುಗಳಲ್ಲಿ ತಾಮ್ರದ ಬದಲು ಅಲ್ಯೂಮಿನಿಯಂ ತಂತಿ ಇರುವುದುಂಟು. ಅಲ್ಯೂಮಿನಿಯಂನ ವಿದ್ಯುತ್‌ವಾಹಕತೆ ತಾಮ್ರದ ಸುಮಾರು 61 ಪ್ರತಿಶತ ಮಾತ್ರವಾಗಿರುವುದರಿಂದ ಅಷ್ಟೇ ವಿದ್ಯುತ್ತಿಗೆ ಹೆಚ್ಚು ದಪ್ಪನೆಯ ತಂತಿ ಬೇಕು, ಅದರ ಮೇಲ್ಮೈಯ ಆಕ್ಸೈಡ್ ಪದರದಿಂದಾಗಿ ಬೆಸುಗೆ ಹಿಡಿಯುವುದು ಕಷ್ಟ, ಮತ್ತು ಕಡಿತ ಕಾಣಿಸುವುದು ಬಹಳ ಸಲ ಆ ಬೆಸುಗೆಯ ಜಾಗದಲ್ಲೇ. ಇಂಥ ಮೋಟಾರಿನ ಬೆಲೆಯಲ್ಲಿ ಉಳಿದ ಹಣ ಮುಂದಿನ ರಿಪೇರಿಯ ಖಾತೆಗೆ ಹೋಗುತ್ತದೆಯೇ ಹೊರತು ಉಳಿತಾಯವಾಗುವುದಿಲ್ಲ. ಲೋಹದ ಮೈಯುಳ್ಳ ಉಪಕರಣದ ಅರ್ಥ್ ತಂತಿಯನ್ನು ಕತ್ತರಿಸಿ ಎರಡು ಪಿನ್ನಿನ ಪ್ಲಗ್ ಹಾಕಿ ಕೊಡುವಂಥ ಕೆಲಸಕ್ಕಂತೂ ದುರಸ್ತಿಯೆಂಬ ಹೆಸರು ಸಲ್ಲದು. ಸುರುಳಿಗೂ ಮೈಗೂ ನಡುವಿನ ನಿರೋಧವನ್ನು 500 ವೋಲ್ಟಿನ ಮೆಗ್ಗರ್‌ನಿಂದ ಅಳೆಯದೆ ಅಡುಗೆಮನೆಯ ಒದ್ದೆ ಕಟ್ಟೆಗೆ ಉಪಕರಣವನ್ನು ಮರಳಿಸುವುದು ಯಾರ ಹಿತಕ್ಕೂ ಅಲ್ಲ.

ಭಾರತದ ಮಿಕ್ಸಿ ಹುಟ್ಟಿದ್ದೇ ದುರಸ್ತಿಯಾಗದ ಒಂದು ಮೋಟಾರಿನಿಂದ ಎಂಬುದು ಇಲ್ಲಿ ನೆನೆಯತಕ್ಕ ಸಂಗತಿ. 1963ರ ಸುಮಾರಿಗೆ ಸುಮೀತ್ ಹೆಸರಿನ ಮಿಕ್ಸಿಯನ್ನು ರೂಪಿಸಿದ ಸತ್ಯಪ್ರಕಾಶ್ ಮಾಥುರ್ ಸೀಮೆನ್ಸ್ ಕಂಪನಿಯಲ್ಲಿದ್ದ ಎಂಜಿನಿಯರು. ಪತ್ನಿ ಮಾಧುರಿ ಮಾಥುರ್ ಬಳಸುತ್ತಿದ್ದ ಜರ್ಮನಿಯ ಮಿಕ್ಸರು ಕೆಟ್ಟು, ಅದನ್ನು ಇಲ್ಲಿ ಸರಿಪಡಿಸುವ ದಾರಿ ಕಾಣದಾದದ್ದು ಆ ಪ್ರಯತ್ನಕ್ಕೆ ನಾಂದಿಯಾಯಿತು. ಹಣ್ಣಿನ ರಸ, ಕೇಕಿನ ಹಿಟ್ಟುಗಳಿಗೆಂದು ಮಾಡಿದ ಮೋಟಾರಿಗೆ ನೆನೆಸಿದ ಬೇಳೆ, ಒಣಮೆಣಸಿನಕಾಯಿ, ಕೊಬ್ಬರಿಗಳನ್ನು ಅರೆಯುವ ಹೊರೆ ತಾಳಿಕೆಯಾಗದ್ದು ಆಶ್ಚರ್ಯವಲ್ಲ. ಆ ಹೊರೆಗೆ ತಕ್ಕ ಬಲದ ಮೋಟಾರು ದೊರೆತ ಮೇಲೆ ಸುಮೀತ್ ಎಂಬುದು ಹಲವು ಮನೆಗಳಲ್ಲಿ ಮಿಕ್ಸಿಗೇ ಪರ್ಯಾಯ ಹೆಸರಾಯಿತು. ಸ್ಥಳೀಯ ಅಡುಗೆ ಯಂತ್ರದ ಮೇಲೆ ಹೇರುವ ಒತ್ತಡವನ್ನು ಬಲ್ಲವರೇ ಅದರ ಸವೆತವನ್ನೂ ಸರಿಯಾಗಿ ಊಹಿಸಬಲ್ಲರು ಎಂಬುದಕ್ಕೆ ಈ ಇತಿಹಾಸ ಸಾಕ್ಷಿ.

ಹಳೆಯದನ್ನೆಲ್ಲ ಉಳಿಸಿಕೊಳ್ಳಬೇಕೆಂಬ ತೀರ್ಮಾನ ಇದರಿಂದ ಹೊರಡುವುದಿಲ್ಲ. ಸೀಲಿಂಗ್ ಫ್ಯಾನಿನ ಲೆಕ್ಕ ಮಿಕ್ಸಿಯ ಲೆಕ್ಕಕ್ಕೆ ವಿರುದ್ಧವಾಗಿದೆ. ಹಳೆಯ ಫ್ಯಾನು ನಿಧಾನವಾದರೆ ಬಹುಮಟ್ಟಿಗೆ ಕೆಟ್ಟಿರುವುದು ಅದರ ಕೆಪಾಸಿಟರ್, ಅಂದರೆ ಎರಡನೆಯ ಸುರುಳಿಗೆ ಹೋಗುವ ವಿದ್ಯುತ್ತಿನ ಲಯವನ್ನು ತುಸು ಹಿಂದುಮುಂದು ಮಾಡಿ ತಿರುಗುವ ಬಲವನ್ನು ಹುಟ್ಟಿಸುವ, ಸಾಮಾನ್ಯವಾಗಿ 2.5 ಮೈಕ್ರೋಫ್ಯಾರಡ್‌ನ ಪುಟ್ಟ ಡಬ್ಬಿ. ಅದನ್ನು ಬದಲಿಸುವುದು ಕೆಲವೇ ನಿಮಿಷಗಳ, ಕೆಲವೇ ರೂಪಾಯಿಗಳ ಕೆಲಸ. ಆದರೆ ಆ ಫ್ಯಾನು ಸುಮಾರು 75 ವ್ಯಾಟ್ ಎಳೆಯುವಾಗ ಶಾಶ್ವತ ಕಾಂತಗಳನ್ನೂ ಇಲೆಕ್ಟ್ರಾನಿಕ್ ನಿಯಂತ್ರಣವನ್ನೂ ಬಳಸುವ ಬಿಎಲ್‌ಡಿಸಿ ಫ್ಯಾನು ಅಷ್ಟೇ ಗಾಳಿಯನ್ನು ಸುಮಾರು 30 ವ್ಯಾಟಿನಲ್ಲಿ ಕೊಡುತ್ತದೆ. ದಿನಕ್ಕೆ 12 ಗಂಟೆಯಂತೆ ವರ್ಷದಲ್ಲಿ 300 ದಿನ ತಿರುಗಿದರೆ ಉಳಿಯುವುದು 162 ಯೂನಿಟ್. ಇದಕ್ಕೆದುರಾಗಿ 750 ವ್ಯಾಟಿನ ಮಿಕ್ಸಿ ದಿನಕ್ಕೆ 20 ನಿಮಿಷ ಪೂರ್ಣ ಹೊರೆಯಲ್ಲಿ ಓಡಿದರೂ ವರ್ಷದ ಒಟ್ಟು ಬಳಕೆ 90 ಯೂನಿಟ್‌ಗಳ ಆಸುಪಾಸಿನಲ್ಲಿರುತ್ತದೆ. ಅದರಲ್ಲಿ ಮೂರನೆಯ ಒಂದು ಭಾಗ ಉಳಿಸುವ ಹೊಸ ಮೋಟಾರು ಬಂದರೂ ಲಾಭ 30 ಯೂನಿಟ್ ಮಾತ್ರ. ಹೆಚ್ಚು ಹೊತ್ತು ಓಡುವ ಯಂತ್ರದಲ್ಲಿ ದಕ್ಷತೆ ಮುಖ್ಯ, ಸ್ವಲ್ಪ ಹೊತ್ತು ಓಡುವ ಯಂತ್ರದಲ್ಲಿ ಬಾಳಿಕೆ ಮುಖ್ಯ. ಕರ್ನಾಟಕದಲ್ಲಿ ಗೃಹಜ್ಯೋತಿ ಯೋಜನೆಯಡಿ ತಿಂಗಳ ಬಿಲ್ ಶೂನ್ಯವಾಗಿರುವ ಮನೆಗಳಿಗೆ ಫ್ಯಾನು ಬದಲಿಸಿದ ಲಾಭ ಕೈಗೆ ಬಾರದೆ ಸರ್ಕಾರದ ಸಹಾಯಧನದ ಲೆಕ್ಕದಲ್ಲಿ ಉಳಿಯುತ್ತದೆಂಬುದು ಬೇರೆ ಮಾತು. ಹಳೆಯ ಫ್ಯಾನಿಗೆ ಕೆಪಾಸಿಟರ್ ಹಾಕಿಸಿ ಸುಮ್ಮನಾಗುವ ಆ ಮನೆಯವರ ನಿರ್ಧಾರವನ್ನು ಅಜ್ಞಾನವೆಂದು ಕರೆಯಲಾಗದು.

ಬಿಎಲ್‌ಡಿಸಿ ಮೋಟಾರಿನಲ್ಲಿ ಬ್ರಷ್ ಇಲ್ಲ, ಆದ್ದರಿಂದ ಸವೆತವೇ ಇಲ್ಲ ಎಂಬ ಮಾರಾಟಗಾರರ ಮಾತು ಅರ್ಧ ನಿಜ. ಅಲ್ಲಿ ದೌರ್ಬಲ್ಯ ಮಾಯವಾಗಿಲ್ಲ, ಉಜ್ಜುವ ಭಾಗದಿಂದ ಇಲೆಕ್ಟ್ರಾನಿಕ್ ಬೋರ್ಡಿಗೆ ಸ್ಥಳಾಂತರಗೊಂಡಿದೆ. ಸಿಡಿಲು ಬಡಿದಾಗ, ವೋಲ್ಟೇಜು ಏಕಾಏಕಿ ನೆಗೆದಾಗ ಮೊದಲು ಪ್ರಾಣ ಬಿಡುವುದು ಆ ಬೋರ್ಡು. ತಾಮ್ರದ ಸುರುಳಿಯನ್ನು ಗೇಜು ಅಳೆದು ಸುತ್ತುಗಳನ್ನು ಎಣಿಸಿ ಯಾವ ಊರಿನಲ್ಲಾದರೂ ಮರುನಿರ್ಮಿಸಬಹುದು. ಮಾದರಿಯಿಂದ ಮಾದರಿಗೆ ಬೇರೆಯಾಗುವ, ತಂತ್ರಾಂಶ ತುಂಬಿದ, ಕೆಲವೊಮ್ಮೆ ರಾಳ ಸುರಿದು ಮುಚ್ಚಿದ ಬೋರ್ಡನ್ನು ಹಾಗೆ ಮಾಡಲಾಗದು. ಬೆಂಗಳೂರಿನ ಎಸ್.ಪಿ. ರಸ್ತೆಯಲ್ಲಿ ಹುಡುಕಿ ಹೊಂದಿಸಬಲ್ಲ ಜಾಣರು ಇದ್ದಾರು, ಆದರೆ ಸಿಂಧನೂರಿನ ಮನೆಯೊಂದಕ್ಕೆ ಅದು ಪರಿಹಾರವಲ್ಲ. ದೋಷ ಇಲೆಕ್ಟ್ರಾನಿಕ್ಸ್‌ನದೆಂದು ಇದರಿಂದ ತಿಳಿಯಬಾರದು: ಬೋರ್ಡು ಬಿಡಿಭಾಗವಾಗಿ ಹತ್ತು ವರ್ಷ ಸಿಗುವಂತಿದ್ದು, ಎರಡು ಸ್ಕ್ರೂ ಒಂದು ಕನೆಕ್ಟರು ಬಿಚ್ಚಿ ಬದಲಿಸುವಂತಿದ್ದರೆ ಅದೂ ಒಂದು ಕಾರ್ಬನ್ ಬ್ರಷ್ಷೇ ಆಗುತ್ತಿತ್ತು.

ಕಾನೂನು ಈ ಪ್ರಶ್ನೆಯನ್ನು ಹೇಗೆ ಹಿಡಿಯಬೇಕೆಂಬುದಕ್ಕೆ ಯುರೋಪಿನ ಒಂದು ನಿಯಮ ಮಾದರಿಯಾಗಬಹುದು. 2021ರ ಮಾರ್ಚಿನಿಂದ ಅಲ್ಲಿ ಜಾರಿಯಲ್ಲಿರುವ ಬಟ್ಟೆ ಒಗೆಯುವ ಯಂತ್ರಗಳ ನಿಯಮಾವಳಿಯಲ್ಲಿ, ಮಾದರಿಯ ಕೊನೆಯ ಯಂತ್ರ ಮಾರುಕಟ್ಟೆಗೆ ಬಂದ ಮೇಲೆ ಕನಿಷ್ಠ ಹತ್ತು ವರ್ಷ ದುರಸ್ತಿಗಾರರಿಗೆ ದೊರಕಿಸಬೇಕಾದ ಬಿಡಿಭಾಗಗಳನ್ನು ಹೆಸರು ಹಿಡಿದು ಪಟ್ಟಿಮಾಡಿದ್ದು, ಮೋಟಾರು ಮತ್ತು ಮೋಟಾರಿನ ಬ್ರಷ್ ಆ ಪಟ್ಟಿಯ ಆರಂಭದಲ್ಲೇ ಬರುತ್ತವೆ. ಭಾರತದಲ್ಲಿ ಕೇಂದ್ರದ ಗ್ರಾಹಕ ವ್ಯವಹಾರಗಳ ಇಲಾಖೆ 2022ರ ಜುಲೈನಲ್ಲಿ ದುರಸ್ತಿಯ ಹಕ್ಕಿನ ಬಗ್ಗೆ ಸಮಿತಿ ರಚಿಸಿ, ಗೃಹಬಳಕೆಯ ಉಪಕರಣಗಳನ್ನೂ ಅದರ ವ್ಯಾಪ್ತಿಗೆ ತಂದು, ಅದೇ ವರ್ಷ ಡಿಸೆಂಬರಿನಲ್ಲಿ ಕಂಪನಿಗಳ ಮಾಹಿತಿಯನ್ನು ಒಂದೆಡೆ ಕೊಡುವ ಪೋರ್ಟಲ್ ಆರಂಭಿಸಿತು. 2023ರ ಏಪ್ರಿಲ್‌ನಿಂದ ಜಾರಿಗೆ ಬಂದ ಇ-ತ್ಯಾಜ್ಯ ನಿಯಮಗಳು ತಯಾರಕರಿಗೆ ಮರುಬಳಕೆಯ ಹೊಣೆ ಹೊರಿಸಿವೆ. ಇವು ಸ್ವಾಗತಾರ್ಹವಾದರೂ ಮರುಬಳಕೆ ಎಂಬುದು ಯಂತ್ರ ಸತ್ತ ನಂತರದ ಮಾತು, ಮತ್ತು ಗುಜರಿಯಲ್ಲಿ ತಾಮ್ರ ಬಿಡಿಸಲು ಕಾಯಿಲ್‌ಗಳಿಗೆ ಬೆಂಕಿ ಹಚ್ಚುವುದನ್ನು ಕಂಡವರಿಗೆ ಆ ಮಾತಿನ ಮಿತಿ ಗೊತ್ತು. ಹಕ್ಕು ಎಂಬ ವಿಶಾಲ ಪದಕ್ಕಿಂತ ಬ್ರಷ್, ಕಪ್ಲರ್, ಬೇರಿಂಗ್, ಬೋರ್ಡು ಎಂಬ ಕಿರಿದಾದ ಹೆಸರುಗಳು ನಿಯಮದಲ್ಲಿ ಬರುವುದು ಹೆಚ್ಚು ಉಪಯುಕ್ತ.

ಸವೆಯುವ ಭಾಗ ಸುಲಭವಾಗಿ ಬದಲಿಸುವಂತಿರಬೇಕೆಂಬುದು ಅಸಾಧ್ಯವಾದ ಬೇಡಿಕೆಯಲ್ಲವೆಂಬುದಕ್ಕೆ ಪುರಾವೆ ಬಡಗಿಯ ಮತ್ತು ಪ್ಲಂಬರಿನ ಚೀಲದಲ್ಲೇ ಇದೆ. ಕೈಯಲ್ಲಿ ಹಿಡಿಯುವ ಡ್ರಿಲ್ಲಿಂಗ್ ಮಷೀನು, ಕಲ್ಲು ಕತ್ತರಿಸುವ ಕಟರ್‌ಗಳಲ್ಲಿ ಇರುವುದೂ ಇದೇ ಯೂನಿವರ್ಸಲ್ ಮೋಟಾರು. ಅವುಗಳಲ್ಲಿ ಹಲವಕ್ಕೆ ಮೈಯ ಎರಡು ಪಕ್ಕದಲ್ಲಿ ತಿರುಪಿನ ಮುಚ್ಚಳವಿದ್ದು, ಯಂತ್ರವನ್ನು ಬಿಚ್ಚದೆಯೇ ಒಂದು ಸ್ಕ್ರೂಡ್ರೈವರಿನಿಂದ ಬ್ರಷ್ ಬದಲಿಸಬಹುದು. ಮಿಕ್ಸಿಯಲ್ಲಾದರೋ ತಳದ ಮುಚ್ಚಳ ಬಿಚ್ಚಿ, ಬಹಳಷ್ಟು ಮಾದರಿಗಳಲ್ಲಿ ಮೋಟಾರನ್ನೇ ಹೊರಗೆಳೆಯಬೇಕು. ಕಪ್ಲರು ಕೂಡ ಮೋಟಾರು ತಿರುಗುವಾಗ ಬಿಗಿಯಾಗುವಂತೆ ಸಾಮಾನ್ಯ ತಿರುಪಿಗೆ ವಿರುದ್ಧ ದಿಕ್ಕಿನಲ್ಲಿ ಬಿಚ್ಚುವಂಥದ್ದಾಗಿರಬಹುದು, ಹಾಗೆಂದು ತಿಳಿಸುವ ಒಂದು ಬಾಣದ ಗುರುತನ್ನು ಮೂಡಿಸುವ ಶ್ರಮವನ್ನೂ ಎಲ್ಲ ತಯಾರಕರು ತೆಗೆದುಕೊಂಡಿಲ್ಲ. ಡ್ರಿಲ್ ಕೊಳ್ಳುವವನ ದಿನಗೂಲಿ ಅದರ ಮೇಲೆ ನಿಂತಿದೆಯೆಂದು ನಕ್ಷೆ ಬರೆದವರಿಗೆ ತಿಳಿದಿತ್ತು. ಅಡುಗೆಮನೆಯಲ್ಲಿ ನಡೆಯುವ ದುಡಿಮೆಗೆ ಕೂಲಿಯಿಲ್ಲದಿರುವುದರಿಂದ ಅಲ್ಲಿ ಯಂತ್ರ ಎರಡು ದಿನ ನಿಂತರೂ ನಷ್ಟವಿಲ್ಲವೆಂದು, ಅದನ್ನು ಬಳಸುವ ಹೆಂಗಸು ಸ್ಕ್ರೂಡ್ರೈವರ್ ಹಿಡಿಯಲಾರಳೆಂದು ಅವರು ಊಹಿಸಿಕೊಂಡಂತೆ ಕಾಣುತ್ತದೆ. ಫ್ಯಾನಿನ ಪೆಟ್ಟಿಗೆಯ ಮೇಲೆ 2023ರಿಂದ ನಕ್ಷತ್ರಗಳ ಗುರುತು ಕಡ್ಡಾಯವಾಗಿದೆ. ಅದೇ ಬಗೆಯಲ್ಲಿ ಮಿಕ್ಸಿಯ ಪೆಟ್ಟಿಗೆಯ ಮೇಲೆ ಬ್ರಷ್, ಕಪ್ಲರ್, ಬುಷ್ ಮತ್ತು ಆರ್ಮೇಚರ್‌ಗಳ ಬೆಲೆಯನ್ನೂ ಅವು ಎಷ್ಟು ವರ್ಷ ಸಿಗುತ್ತವೆಂಬುದನ್ನೂ ಅಚ್ಚುಮಾಡಬೇಕೆಂದು ಕೇಳಿದರೆ ತಯಾರಕರಿಗೆ ತಗಲುವ ಹೆಚ್ಚುವರಿ ಖರ್ಚು ನಾಲ್ಕು ಸಾಲಿನ ಮುದ್ರಣದ್ದು; ಕೊಳ್ಳುವವರಿಗಾದರೋ ಎರಡು ಮಾದರಿಗಳ ನಡುವೆ ಆಯ್ಕೆ ಮಾಡುವಾಗ ವ್ಯಾಟ್, ಬಣ್ಣ ಮತ್ತು ಜಾರುಗಳ ಸಂಖ್ಯೆಯ ಆಚೆಗೆ ಹೋಲಿಸಿ ನೋಡಲು ಏನಾದರೂ ಸಿಕ್ಕಂತಾಗುತ್ತದೆ.